ಬೇರಿನ ಸಾರದ ಪರೀಕ್ಷೆ ತಪ್ಪಿದಾಗ: ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಶಿವಮೊಗ್ಗ, ಶಂಕರಘಟ್ಟ, ಸಾಗರ, ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಮಲೆನಾಡಿನ ಔಷಧೀಯ ಬೇರುಗಳನ್ನು ಆರಿಸಿಕೊಳ್ಳುವುದು ಸಹಜವೇ ಆಗಿದೆ. ಶತಾವರಿ, ಸೊಗದೆ ಬೇರು, ಚಿತ್ರಮೂಲ, ಮಂಜಿಷ್ಠ, ಏಕನಾಯಕ ಇವುಗಳ ಸಾರ ತೆಗೆದು, ಅದಕ್ಕೆ ಉತ್ಕರ್ಷಣವನ್ನು (ಆಕ್ಸಿಡೇಶನ್) ತಡೆಯುವ ಶಕ್ತಿ ಎಷ್ಟಿದೆ, ಜೀವಕೋಶಗಳನ್ನು ಕೊಲ್ಲುವ ಗುಣ ಎಷ್ಟಿದೆ ಎಂದು ಅಳೆಯುವ ವಿಧಾನಗಳು ಓದುವಾಗ ಸರಳವಾಗಿ ಕಾಣುತ್ತವೆ. ಮಾಡುವಾಗ ಮಾತ್ರ ಕಂಟ್ರೋಲ್ (ಹೋಲಿಕೆಗೆಂದು ಸಾರವಿಲ್ಲದೆ ಇಟ್ಟದ್ದು) ತಾನಾಗಿ ಬಣ್ಣ ಕಳೆದುಕೊಳ್ಳುತ್ತದೆ, ಬಣ್ಣ ಎಷ್ಟು ಇಳಿಯಿತೆಂಬ ಶೇಕಡಾವಾರು ಋಣಸಂಖ್ಯೆಯಾಗುತ್ತದೆ, ಸಾಯಬೇಕಾದ ಕೋಶಗಳು ಹೆಚ್ಚಾದಂತೆ ತೋರುತ್ತವೆ. ಇವೆಲ್ಲವೂ ಬಣ್ಣವನ್ನೋ ಸಾವನ್ನೋ ಎಣಿಸುವ ಪರೀಕ್ಷೆಗಳು. ಆ ಬಣ್ಣ ಅಥವಾ ಸಾವು ಗಿಡದ ರಾಸಾಯನಿಕದಿಂದಲೇ ಬಂದದ್ದೋ, ದ್ರಾವಕ, ಮಣ್ಣು, ಬೂಷ್ಟು, ಆಮ್ಲತೆಗಳಿಂದ ಬಂದದ್ದೋ ಎಂಬುದನ್ನು ಯಂತ್ರ ಹೇಳುವುದಿಲ್ಲ; ಅದನ್ನು ಬೇರ್ಪಡಿಸುವ ಕೆಲಸ ಪರೀಕ್ಷಕರದು. ಆದ್ದರಿಂದ ಇಲ್ಲಿ ಕಣ್ಣಿಗೆ ಬೀಳುವ ಲಕ್ಷಣದಿಂದ ಹೊರಟು, ಖರ್ಚಿಲ್ಲದ ತಪಾಸಣೆಯನ್ನು ಮೊದಲು, ದುಬಾರಿಯದನ್ನು ಕೊನೆಗೆ ಇಡಲಾಗಿದೆ.

ಕೆಲಸಕ್ಕೆ ಇಳಿಯುವ ಮುನ್ನ

ಸಾರ ತೆಗೆಯಲು ಬಳಸುವ ದ್ರಾವಕವಾದ ಮೆಥನಾಲ್ 11 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಬೆಂಕಿ ಹಿಡಿಯಬಲ್ಲ ಆವಿ ಬಿಡುತ್ತದೆ. ಆಗುಂಬೆಯ ಚಳಿಗಾಲದ ಬೆಳಗಿನಲ್ಲೂ ಅದು ಸುರಕ್ಷಿತವಲ್ಲ. ದ್ರಾವಕವನ್ನು ಮತ್ತೆ ಮತ್ತೆ ಕುದಿಸಿ ಸಾರ ತೆಗೆಯುವ ಸಾಕ್ಸ್‌ಲೆಟ್ ಉಪಕರಣವನ್ನು ಹೀಟಿಂಗ್ ಮ್ಯಾಂಟಲ್ ಅಥವಾ ನೀರಿನ ಸ್ನಾನದ ಮೇಲೆ ಮಾತ್ರ ನಡೆಸಬೇಕು, ಬುನ್ಸೆನ್ ಬರ್ನರಿನ ಮೇಲೆ ಎಂದಿಗೂ ಕೂಡದು. ಮೆಥನಾಲ್ ಹೊಟ್ಟೆಗೆ ಹೋದರೆ ದೃಷ್ಟಿ ಹೋಗಬಹುದು, ಜೀವಕ್ಕೇ ಅಪಾಯವಾಗಬಹುದು. ಆರಂಭದಲ್ಲಿ ಆರಾಮವಾಗಿಯೇ ಇರುವಂತೆ ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸಾರವನ್ನು ಕರಗಿಸಲು ಬಳಸುವ ಡಿಎಂಎಸ್‌ಒ ಎಂಬ ದ್ರಾವಕ ಚರ್ಮದ ಮೂಲಕ ಒಳಗಿಳಿಯುವಾಗ ತನ್ನಲ್ಲಿ ಕರಗಿರುವುದನ್ನೂ ಒಯ್ಯುತ್ತದೆ. ಚಿತ್ರಮೂಲದ ಹಸಿ ಬೇರು ತಾಗಿದರೆ ಚರ್ಮ ಉರಿದು ಗುಳ್ಳೆ ಏಳುತ್ತದೆ ಎಂಬುದು ನಾಟಿವೈದ್ಯರಿಗೆ ಚೆನ್ನಾಗಿ ತಿಳಿದ ಸಂಗತಿ. ಅದರ ಪುಡಿ ಮಾಡುವಾಗ ಕೈಗವಸಿನ ಜೊತೆ ಕನ್ನಡಕ ಮತ್ತು ಮಾಸ್ಕ್ ಕೂಡ ಬೇಕು. ಇಲ್ಲಿ ತಯಾರಾಗುವ ಯಾವ ಸಾರವನ್ನೂ ರುಚಿ ನೋಡುವುದಾಗಲಿ ಕುಡಿಯುವುದಾಗಲಿ ಸಲ್ಲದು.

ಲಕ್ಷಣ: ಡಿಪಿಪಿಎಚ್ ಕಂಟ್ರೋಲ್ ತಾನಾಗಿಯೇ ಮಾಸುತ್ತದೆ, ಅಥವಾ ಮೊದಲಿನಿಂದಲೇ ತಿಳಿಯಾಗಿದೆ

ಡಿಪಿಪಿಎಚ್ ಎಂಬುದು ಸ್ಥಿರವಾಗಿ ನಿಲ್ಲುವ ನೇರಳೆ ಬಣ್ಣದ ಮುಕ್ತ ರ‍್ಯಾಡಿಕಲ್. ಹೈಡ್ರೋಜನ್ ಅಥವಾ ಎಲೆಕ್ಟ್ರಾನ್ ಸಿಕ್ಕಿದೊಡನೆ ಅದು ಹಳದಿಗೆ ತಿರುಗುತ್ತದೆ, ಆ ಇಳಿಕೆಯನ್ನು ಬೆಳಕಿನ ಹೀರಿಕೆ ಅಳೆಯುವ ಯಂತ್ರದಲ್ಲಿ (ಸ್ಪೆಕ್ಟ್ರೋಫೋಟೋಮೀಟರ್) 517 ನ್ಯಾನೋಮೀಟರ್ ತರಂಗಾಂತರದಲ್ಲಿ ಓದುತ್ತೇವೆ. ಸಾರವೇ ಇಲ್ಲದ ಕಂಟ್ರೋಲ್‌ನಲ್ಲಿ ಬಣ್ಣ ಇಳಿದರೆ ಗಿಡದ ಮೇಲೆ ಅನುಮಾನಪಡುವಂತಿಲ್ಲ.

ಮೊದಲು ಬೆಳಕನ್ನು ನೋಡಿ. ದ್ರಾವಣ ಕಂದು ಬಾಟಲಿಯಲ್ಲಿದೆಯೇ, ಅಲ್ಯುಮಿನಿಯಂ ಹಾಳೆ ಸುತ್ತಿದೆಯೇ, ಕಿಟಕಿಯ ಪಕ್ಕದ ಮೇಜಿನ ಮೇಲಿದೆಯೇ ಎಂದು ಗಮನಿಸುವುದಕ್ಕೆ ಒಂದು ಪೈಸೆಯೂ ಬೇಡ. ಎರಡನೆಯದು ವಯಸ್ಸು: ಆಯಾ ದಿನದ ದ್ರಾವಣವನ್ನು ಆಯಾ ದಿನವೇ ಮಾಡಿಕೊಳ್ಳುವುದು ಒಳ್ಳೆಯದು. ಮೂರನೆಯದು ತೂಕ. 0.1 ಮಿಲಿಮೋಲಾರ್ ಸಾಂದ್ರತೆಯ ದ್ರಾವಣಕ್ಕೆ 100 ಮಿಲಿ ಲೀಟರ್ ಮೆಥನಾಲ್‌ನಲ್ಲಿ 3.94 ಮಿಲಿಗ್ರಾಂ ಡಿಪಿಪಿಎಚ್ ಬೇಕಾಗುತ್ತದೆ, ಮತ್ತು ಅಂಥ ದ್ರಾವಣವನ್ನು ಹಾಗೆಯೇ 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ (ಯಂತ್ರದಲ್ಲಿಡುವ ಪಾರದರ್ಶಕ ಪುಟ್ಟ ಪಾತ್ರೆ) ಓದಿದರೆ ಸುಮಾರು 1.1ರಿಂದ 1.2ರ ಅಬ್ಸಾರ್ಬೆನ್ಸ್ (ಬೆಳಕಿನ ಹೀರಿಕೆಯ ಅಂಕಿ) ಬರಬೇಕು. ಬಂದದ್ದು 0.6 ಆಗಿದ್ದರೆ ತಕ್ಕಡಿಯಲ್ಲೋ ಕರಗಿಸಿದ್ದರಲ್ಲೋ ಲೋಪವಿದೆ. ನಾಲ್ಕು ಮಿಲಿಗ್ರಾಂನಷ್ಟು ಪುಡಿಯನ್ನು ಗ್ರಾಂನಲ್ಲಿ ಎರಡೇ ದಶಮಾಂಶ ತೋರಿಸುವ ತಕ್ಕಡಿಯಲ್ಲಿ ತೂಗುವುದು ಊಹೆ ಮಾಡಿದಂತೆಯೇ. ಅಂಥ ತಕ್ಕಡಿ ಮಾತ್ರ ಇರುವ ಕಡೆ ಹೆಚ್ಚು ತೂಗಿ ಗಾಢ ದ್ರಾವಣ ಮಾಡಿ, ಆಮೇಲೆ ತೆಳು ಮಾಡಿಕೊಳ್ಳಬೇಕು.

ಇವೆಲ್ಲ ಸರಿಯಿದ್ದೂ ರೀಡಿಂಗ್ ಅಲುಗಾಡುತ್ತಿದ್ದರೆ ಯಂತ್ರದ ದೀಪವನ್ನು ನೋಡಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬರುವುದು ನಿತ್ಯದ ಮಾತು. ವಿದ್ಯುತ್ ಮರಳಿದ ಕೂಡಲೇ ಓದಿದರೆ ದೀಪ ಇನ್ನೂ ಸ್ಥಿರವಾಗಿರುವುದಿಲ್ಲ. ಅರ್ಧ ಗಂಟೆ ಬಿಟ್ಟು, ಬ್ಲ್ಯಾಂಕ್‌ನಿಂದ (ಡಿಪಿಪಿಎಚ್ ಇಲ್ಲದ ಬರೀ ದ್ರಾವಕ) ಮತ್ತೆ ಸೊನ್ನೆ ಮಾಡಿಕೊಂಡು ಮುಂದುವರಿಯಬೇಕು. ಮೆಥನಾಲ್ ಒಂದನ್ನೇ ಇಟ್ಟು ನೋಡಿದರೂ ಅಂಕಿ ಓಡಾಡುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ ಸರ್ವಿಸ್ ಎಂಜಿನಿಯರ್‌ರನ್ನು ಕರೆಸಬೇಕು, ದೀಪದ ಮನೆಯನ್ನು ತಾವೇ ಬಿಚ್ಚಬಾರದು.

ಲಕ್ಷಣ: ಪ್ರಮಾಣ ಹೆಚ್ಚಿದಂತೆ ಶೇಕಡಾವಾರು ಇಳಿಯುತ್ತದೆ, ಋಣವಾಗುತ್ತದೆ, ಅಥವಾ ಕ್ಯುವೆಟ್ ಮಬ್ಬಾಗುತ್ತದೆ

ಬೇರುಗಳ ವಿಷಯದಲ್ಲಿ ಹೆಚ್ಚು ಕಾಡುವ ದೋಷ ಇದೇ. ಮಂಜಿಷ್ಠದ ಬೇರಿನ ಕೆಂಪು ವರ್ಣದ್ರವ್ಯ ತಾನೇ 500 ನ್ಯಾನೋಮೀಟರ್ ಸುತ್ತಲಿನ ಬೆಳಕನ್ನು ಹೀರುತ್ತದೆ. ಡಿಪಿಪಿಎಚ್‌ನ ನೇರಳೆ ಇಳಿದಷ್ಟೂ ಬೇರಿನ ಕೆಂಪು ಏರುತ್ತಾ ಹೋಗುವುದರಿಂದ ಒಳ್ಳೆಯ ಸಾರವೂ ನಿಷ್ಪ್ರಯೋಜಕವೆಂದು ಕಾಣಿಸುತ್ತದೆ.

ಪರಿಹಾರಕ್ಕೆ ಒಂದಿಷ್ಟು ಮೆಥನಾಲ್ ಸಾಕು. ಪ್ರತಿಯೊಂದು ಪ್ರಮಾಣಕ್ಕೂ ಬೇರೆ ಬೇರೆಯಾಗಿ, ಅಷ್ಟೇ ಸಾರಕ್ಕೆ ಡಿಪಿಪಿಎಚ್ ಬದಲು ಬರೀ ಮೆಥನಾಲ್ ಸೇರಿಸಿದ ಬಣ್ಣದ ಬ್ಲ್ಯಾಂಕ್ ಇಡಬೇಕು. ಮಾದರಿಯ ರೀಡಿಂಗ್‌ನಿಂದ ಅದನ್ನು ಕಳೆದು, ಉಳಿದದ್ದನ್ನು ಕಂಟ್ರೋಲ್‌ನಿಂದ ಕಳೆದು, ಕಂಟ್ರೋಲ್‌ನಿಂದ ಭಾಗಿಸಿ, 100ರಿಂದ ಗುಣಿಸಬೇಕು. ಎಲ್ಲ ಪ್ರಮಾಣಗಳಿಗೂ ಒಂದೇ ಬ್ಲ್ಯಾಂಕ್ ಇಡುವ ರೂಢಿಯನ್ನು ಬಿಡಲೇಬೇಕು, ಏಕೆಂದರೆ ಸಾರದ ಬಣ್ಣ ಪ್ರಮಾಣದೊಂದಿಗೆ ಬದಲಾಗುತ್ತದೆ. ಬಣ್ಣ ಅಷ್ಟಕ್ಕೂ ಜಗ್ಗದಿದ್ದರೆ 734 ನ್ಯಾನೋಮೀಟರ್‌ನಲ್ಲಿ ಓದುವ, ಎಬಿಟಿಎಸ್ ಎಂಬ ಇನ್ನೊಂದು ಬಣ್ಣದ ರಾಸಾಯನಿಕವನ್ನು ಬಳಸುವ ವಿಧಾನಕ್ಕೆ ಹೋಗುವುದು ಜಾಣತನ. ಅಷ್ಟು ದೂರದಲ್ಲಿ ಬೇರಿನ ಕೆಂಪು, ಹಳದಿಗಳು ಅಷ್ಟಾಗಿ ಅಡ್ಡ ಬರುವುದಿಲ್ಲ. 7 ಮಿಲಿಮೋಲಾರ್ ಎಬಿಟಿಎಸ್‌ಗೆ 2.45 ಮಿಲಿಮೋಲಾರ್ ಪೊಟ್ಯಾಸಿಯಂ ಪರ್‌ಸಲ್ಫೇಟ್ ಸೇರಿಸಿ 12ರಿಂದ 16 ಗಂಟೆ ಕತ್ತಲೆಯಲ್ಲಿಟ್ಟು, 0.70ರ ಅಬ್ಸಾರ್ಬೆನ್ಸ್ ಬರುವಂತೆ ತೆಳು ಮಾಡಿಕೊಳ್ಳುವ ಕ್ರಮ 1999ರಿಂದ ಬಳಕೆಯಲ್ಲಿದೆ.

ಬಣ್ಣವಲ್ಲದೆ ಮಬ್ಬು ಕಂಡರೆ ಕಾರಣ ಬೇರೆ. ಶತಾವರಿಯಂಥ ಲೋಳೆಯ ಬೇರಿನ ನೀರಿನ ಸಾರವನ್ನು ಮೆಥನಾಲ್‌ಗೆ ಹಾಕಿದರೆ ಅದರ ಬಹುಶರ್ಕರಗಳು ಕರಗಿರಲಾರದೆ ಬೇರ್ಪಟ್ಟು ಬಿಳಿ ಎಳೆಗಳಾಗುತ್ತವೆ. ಬೆಳಕು ಚೆದುರುತ್ತದೆ, ಯಂತ್ರ ಅದನ್ನೇ ಹೀರಿಕೆಯೆಂದು ತಿಳಿಯುತ್ತದೆ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ಓದಬೇಕು. ಇದಕ್ಕೆ ಪ್ರತಿಯಾಗಿ, ಮಿಶ್ರಣದಲ್ಲಿ ನೀರಿನ ಪಾಲು ಶೇ. 60 ದಾಟಿದರೆ ನೀರಿನಲ್ಲಿ ಕರಗದ ಡಿಪಿಪಿಎಚ್ ತಾನೇ ಗುಂಪುಗಟ್ಟುತ್ತದೆ. ಕ್ಯುವೆಟ್‌ನ ಗೋಡೆಯೇ ಮಸುಕಾದರೆ ಸಾರದಲ್ಲಿ ಕ್ಲೋರೋಫಾರ್ಮ್, ಅಸಿಟೋನ್ ಅಥವಾ ಈಥೈಲ್ ಅಸಿಟೇಟ್ ಇರಬಹುದು, ಅವು ಪಾಲಿಸ್ಟೈರೀನ್ ಕ್ಯುವೆಟ್‌ಗಳನ್ನು ತಿನ್ನುತ್ತವೆ. ಗಾಜಿನ ಕ್ಯುವೆಟ್ ಬಳಸಿ. ಕಣ್ಣಿಗೆ ಕಾಣುವ ಬಣ್ಣಗಳನ್ನು ಓದಲು ದುಬಾರಿ ಕ್ವಾರ್ಟ್ಜ್ ಬೇಕಿಲ್ಲ.

ಲಕ್ಷಣ: ಐಸಿ50 (ಬಣ್ಣವನ್ನು ಅರ್ಧಕ್ಕೆ ಇಳಿಸಲು ಬೇಕಾದ ಪ್ರಮಾಣ) ಬೇರೆಯವರ ಅಂಕಿಗಿಂತ ಹಲವು ಪಟ್ಟು ಬೇರೆಯಾಗಿದೆ

ಮೊದಲು, ಹೋಲಿಕೆಗೆ ಸ್ಟಾಂಡರ್ಡ್ ಆಗಿ ಇಡುವ ಆಸ್ಕಾರ್ಬಿಕ್ ಆಮ್ಲದ (ವಿಟಮಿನ್ ಸಿ) ನಿಮ್ಮದೇ ಅಂಕಿಯನ್ನು ನೋಡಿ. ಅದರ ಒಂದು ಅಣು ಎರಡು ಡಿಪಿಪಿಎಚ್ ಅಣುಗಳನ್ನು ತಣಿಸುತ್ತದೆ. ಆದ್ದರಿಂದ ಅಂತಿಮ ಮಿಶ್ರಣದಲ್ಲಿ ಡಿಪಿಪಿಎಚ್ 0.1 ಮಿಲಿಮೋಲಾರ್ ಇದ್ದರೆ ಅರ್ಧ ಬಣ್ಣ ಇಳಿಯಲು 0.025 ಮಿಲಿಮೋಲಾರ್, ಅಂದರೆ ಮಿಲಿ ಲೀಟರಿಗೆ ಸುಮಾರು 4.4 ಮೈಕ್ರೋಗ್ರಾಂ ಆಸ್ಕಾರ್ಬಿಕ್ ಆಮ್ಲ ಸಾಕು. ನಿಮಗೆ 40 ಬಂದಿದ್ದರೆ ಬೇರಿನ ಅಂಕಿಯನ್ನು ಬರೆಯುವ ಮಾತೇ ಇಲ್ಲ. ಆಸ್ಕಾರ್ಬಿಕ್ ಆಮ್ಲ ಹಳದಿಗಟ್ಟಿ ಕೆಟ್ಟಿರಬೇಕು, ಇಲ್ಲವೇ ಲೆಕ್ಕದಲ್ಲಿ ತಪ್ಪಿರಬೇಕು. ಲೆಕ್ಕದ ತಪ್ಪು ಹೆಚ್ಚಾಗಿ ಒಂದೇ ಜಾಗದಲ್ಲಿರುತ್ತದೆ: 1 ಮಿಲಿ ಲೀಟರ್ ಸಾರಕ್ಕೆ 3 ಮಿಲಿ ಲೀಟರ್ ಡಿಪಿಪಿಎಚ್ ಸೇರಿಸಿದವರಲ್ಲಿ ಕೆಲವರು ಬೆರೆಸುವ ಮೊದಲಿನ ಪ್ರಮಾಣವನ್ನು ಬರೆಯುತ್ತಾರೆ, ಕೆಲವರು ಬೆರೆಸಿದ ನಂತರದ್ದನ್ನು. ಎರಡರ ನಡುವೆ ಸರಿಯಾಗಿ ನಾಲ್ಕು ಪಟ್ಟು ಅಂತರವಿದೆ.

ಸ್ಟಾಂಡರ್ಡ್ ಸರಿಯಿದ್ದು ಸಾರ ಮಾತ್ರ ದುರ್ಬಲವಾಗಿ ಕಂಡರೆ ಮಲೆನಾಡಿನ ತೇವವನ್ನು ನೆನೆಯಬೇಕು. ಬೇರಿನ ಒಣ ಸಾರದಲ್ಲಿರುವ ಸಕ್ಕರೆಗಳು ಗಾಳಿಯಿಂದ ನೀರು ಎಳೆದುಕೊಂಡು ಬಾಟಲಿಯಲ್ಲೇ ಅಂಟಂಟಾಗುತ್ತವೆ. ಆಮೇಲೆ 100 ಮಿಲಿಗ್ರಾಂ ತೂಗಿದೆವೆಂದುಕೊಂಡರೂ ಅದರಲ್ಲಿ 20 ಮಿಲಿಗ್ರಾಂ ನೀರಾಗಿದ್ದರೆ ಸಾರ ಇರುವುದು 80 ಮಾತ್ರ. ಸಿಲಿಕಾ ಜೆಲ್ ನೀಲಿಯಾಗಿರುವ ಡೆಸಿಕೇಟರ್‌ನಲ್ಲಿಟ್ಟು, ಎರಡು ಸಲ ತೂಗಿದಾಗ ತೂಕ ಬದಲಾಗದಿದ್ದರೆ ಮಾತ್ರ ಬಳಸಬೇಕು. ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ಕೋಣೆಯ ಉಷ್ಣತೆಗೆ ಬರುವ ಮೊದಲೇ ತೆರೆದರೆ ಜೂನ್–ಸೆಪ್ಟೆಂಬರ್ ತಿಂಗಳುಗಳಲ್ಲಿ ಒಳಗೆ ಹನಿ ಕಟ್ಟುವುದು ಖಚಿತ.

ಇನ್ನೊಂದು, ಸಾರದಲ್ಲಿ ನಿಧಾನವಾಗಿ ವರ್ತಿಸುವ ಟ್ಯಾನಿನ್‌ಗಳು (ಒಗರು ಕೊಡುವ ವಸ್ತುಗಳು) ಇದ್ದರೆ ರೂಢಿಯಂತೆ ಕಾಯುವ 30 ನಿಮಿಷ ಕಳೆದರೂ ಬಣ್ಣ ಇಳಿಯುತ್ತಲೇ ಇರುತ್ತದೆ. ಒಂದೇ ಒಂದು ಪ್ರಮಾಣವನ್ನು ಎರಡು ಗಂಟೆಯ ತನಕ ಹದಿನೈದು ನಿಮಿಷಕ್ಕೊಮ್ಮೆ ಓದಿ, ಇಳಿಕೆ ನಿಲ್ಲುವ ಹೊತ್ತನ್ನು ಗುರುತಿಸಿಕೊಂಡರೆ ಈ ಗೊಂದಲ ತೀರುತ್ತದೆ.

ಲಕ್ಷಣ: ಅದೇ ಗಿಡ, ಅದೇ ವಿಧಾನ, ಆದರೆ ಹೊಸ ಬೇರಿನ ಫಲಿತಾಂಶ ಹಳೆಯದಕ್ಕೆ ಹೊಂದುವುದಿಲ್ಲ

ಇಲ್ಲಿ ಪ್ರಯೋಗಾಲಯದಿಂದ ಹೊರಗೆ ಬಂದು ಬೇರು ಎಲ್ಲಿಂದ ಬಂತು, ಹೇಗೆ ಒಣಗಿತು ಎಂದು ಕೇಳಬೇಕು. ಈ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಳೆಗಾಲದಲ್ಲಿ ತಂದ ಬೇರು ನೆರಳಿನಲ್ಲಿ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಿಷಗಳು ಸಾರದೊಂದಿಗೆ ಬಂದು ಕೋಶಗಳನ್ನು ಕೊಂದರೆ ಆ ಕೀರ್ತಿ ಗಿಡಕ್ಕೆ ಹೋಗುತ್ತದೆ. ಬೂಷ್ಟು ತಪ್ಪಿಸಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಕೊಡುವವರಿದ್ದಾರೆ. ಮನೆಮದ್ದಿಗೆ ಅದು ನಡೆದೀತು, ಈ ಪರೀಕ್ಷೆಗೆ ನಡೆಯದು. ಸೌದೆಯ ಹೊಗೆಯಲ್ಲಿ ಗ್ವಾಯಕಾಲ್, ಸಿರಿಂಗಾಲ್‌ಗಳಂಥ ಫೀನಾಲ್‌ಗಳಿದ್ದು ಅವು ಬೇರಿನ ತೊಗಟೆಗೆ ಹತ್ತಿ, ಒಟ್ಟು ಫೀನಾಲ್ ಅಳೆಯುವ ಫೋಲಿನ್ ಪರೀಕ್ಷೆಯಲ್ಲೂ ಡಿಪಿಪಿಎಚ್‌ನಲ್ಲೂ ಗಿಡದ ಲೆಕ್ಕಕ್ಕೆ ಸೇರಿಬಿಡುತ್ತವೆ. ಬೇರನ್ನು ಮೂಸಿ ನೋಡಿ, ಹೊಗೆಯ ವಾಸನೆಯಿದ್ದರೆ ಬದಿಗಿಡಿ. ತೆಳ್ಳಗೆ ಕೊಯ್ದು, ಗಾಳಿಯಾಡುವ ಓವನ್‌ನಲ್ಲಿ 40 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸುವುದು ಸರಿಯಾದ ದಾರಿ. ಉಷ್ಣತೆ ಏರಿಸಿ ಬೇಗ ಮುಗಿಸುವ ಆಸೆ ಬೇಡ. ಚಿತ್ರಮೂಲದ ಸಕ್ರಿಯ ವಸ್ತುವಾದ ಪ್ಲಂಬಾಜಿನ್ ನೀರಿನ ಆವಿಯೊಡನೆ ಹಾರಿಹೋಗುವ ವಸ್ತು.

ಮಣ್ಣಿನದು ಇನ್ನೊಂದು ಕಥೆ. ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಂಪು ಕಬ್ಬಿಣದ್ದು. ನಾರುಬೇರಿನ ಸಂದಿಯಲ್ಲಿ ಉಳಿದ ಮಣ್ಣು ತೂಕ ಹೆಚ್ಚಿಸುವುದಲ್ಲದೆ, ಟ್ಯಾನಿನ್ ಜೊತೆ ಕೂಡಿ ಕಪ್ಪು ನೀಲಿ ಬಣ್ಣ ಕೊಡುತ್ತದೆ, ಫೀನಾಲ್‌ಗಳು ಗಾಳಿಯಲ್ಲಿ ಕೆಡುವುದನ್ನು ಚುರುಕುಗೊಳಿಸುತ್ತದೆ. ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಡುವ ಶಕ್ತಿಯನ್ನು ಅಳೆಯುವ, 593 ನ್ಯಾನೋಮೀಟರ್‌ನ ಎಫ್‌ಆರ್‌ಎಪಿ ಪರೀಕ್ಷೆಯಲ್ಲಂತೂ ಇದು ನೇರವಾಗಿ ಅಡ್ಡ ಬರಬಹುದು. ಮೃದು ಬ್ರಷ್‌ನಿಂದ ಉಜ್ಜಿ, ಕೊನೆಯ ನೀರು ತಿಳಿಯಾಗುವ ತನಕ ತೊಳೆಯಬೇಕು.

ಗುರುತಿನ ಸಂಶಯ ಇವೆಲ್ಲಕ್ಕಿಂತ ದೊಡ್ಡದು. ಸೊಗದೆ ಬೇರಿಗೂ ಮಾಗಳಿ ಬೇರಿಗೂ ಹೆಚ್ಚುಕಡಿಮೆ ಒಂದೇ ಪರಿಮಳ, ಏಕೆಂದರೆ ಎರಡರಲ್ಲೂ ವೆನಿಲಿನ್‌ಗೆ ಹತ್ತಿರದ ಒಂದೇ ಸುಗಂಧವಸ್ತುವಿದೆ. ಅಂಗಡಿಯಲ್ಲಿ ತುಂಡು ಮಾಡಿಟ್ಟ ಬೇರನ್ನು ಮೂಸಿ ಗುರುತಿಸುವುದು ಆಗದ ಮಾತು. ಎಲೆ, ಹೂವು, ಕಾಯಿ ಸಮೇತ ಒಣಗಿಸಿ ಒತ್ತಿದ ಮಾದರಿಯೊಂದನ್ನು ಹರ್ಬೇರಿಯಂನಲ್ಲಿ ಸಂಖ್ಯೆ ಸಹಿತ ಇರಿಸದಿದ್ದರೆ ಮುಂದಿನ ಯಾವ ತಪಾಸಣೆಗೂ ಅರ್ಥವಿಲ್ಲ. ಸಂಶಯ ಬಂದಲ್ಲೇ ಕೆಲಸ ನಿಲ್ಲಿಸಿ ಸಸ್ಯ ವರ್ಗೀಕರಣ ಬಲ್ಲವರ ಬಳಿ ಹೋಗಿ.

ಲಕ್ಷಣ: ಆರ್ಟೀಮಿಯಾ ಮರಿಗಳು ಕಂಟ್ರೋಲ್‌ನಲ್ಲೇ ಸಾಯುತ್ತಿವೆ

ಕೋಶಗಳನ್ನು ಬೆಳೆಸುವ ಸೌಲಭ್ಯವಿಲ್ಲದ ಕಾಲೇಜುಗಳಿಗೆ ಉಪ್ಪುನೀರಿನ ಈ ಸೀಗಡಿ ಮರಿಗಳ ಪರೀಕ್ಷೆಯೇ ಆಧಾರ; 1982ರಲ್ಲಿ ಪ್ರಕಟವಾದ ಅದರ ಸರಳ ರೂಪವೇ ಇಂದಿಗೂ ನಡೆಯುತ್ತಿದೆ. ಸಾರವಿಲ್ಲದ ಸೀಸೆಯಲ್ಲಿ 24 ಗಂಟೆಯಲ್ಲಿ ಶೇ. 10ಕ್ಕಿಂತ ಹೆಚ್ಚು ಸತ್ತರೆ ಆ ಸುತ್ತನ್ನು ಪೂರ್ತಿ ಕೈಬಿಡಬೇಕು. ನೀರನ್ನು ಮೊದಲು ಅನುಮಾನಿಸಿ: ನಲ್ಲಿಯ ನೀರಿನ ಕ್ಲೋರಿನ್, ಅಡುಗೆಯ ಉಪ್ಪಿನಲ್ಲಿ ಸೇರಿಸಿರುವ ಇತರ ವಸ್ತುಗಳು, ಲೀಟರಿಗೆ 38 ಗ್ರಾಂ ಎಂಬ ಅಳತೆಯಿಂದ ದೂರ ಸರಿದ ಉಪ್ಪು. ಆಮೇಲೆ ಉಷ್ಣತೆ, ಡಿಸೆಂಬರ್ ರಾತ್ರಿಯ ಚಳಿಯಲ್ಲಿ ಮೊಟ್ಟೆ ಒಡೆಯದಿದ್ದರೆ ಬಲ್ಬಿನ ಕೆಳಗಿಟ್ಟು 25ರಿಂದ 28 ಡಿಗ್ರಿ ಕಾಯ್ದುಕೊಳ್ಳಬೇಕು.

ಕಂಟ್ರೋಲ್ ಚೆನ್ನಾಗಿದ್ದು ಸಾರದ ಸೀಸೆಗಳಲ್ಲಿ ಎಲ್ಲವೂ ಸತ್ತಿದ್ದರೆ ಹಿಗ್ಗುವ ಮೊದಲು ಪಿಎಚ್ ಪಟ್ಟಿಯನ್ನು ಅದ್ದಿ ನೋಡಿ. ಬೇರಿನ ಆಮ್ಲಗಳು 8ರ ಹತ್ತಿರವಿದ್ದ ಪಿಎಚ್ ಅನ್ನು 5ಕ್ಕೆ ಇಳಿಸಿದ್ದರೆ ಮರಿಗಳನ್ನು ಕೊಂದದ್ದು ಆಮ್ಲತೆ. ಎರಡನೆಯ ಶಂಕೆ ಸಾರದಲ್ಲಿ ಉಳಿದ ಮೆಥನಾಲ್. ಬರೀ ದ್ರಾವಕವನ್ನು ಸಾರದಂತೆಯೇ ಆವಿಯಾಗಿಸಿ ಇಟ್ಟ ಒಂದು ಸೀಸೆ ಈ ಶಂಕೆಯನ್ನು ಪರಿಹರಿಸುತ್ತದೆ. ಮೂರನೆಯದು ಟ್ಯಾನಿನ್. ಅಡಿಕೆ ಬೇಯಿಸಿದ ಚೊಗರು ನಾಲಗೆಯನ್ನು ಹಿಡಿಯುವ ಹಾಗೆಯೇ ಬೇರಿನ ಟ್ಯಾನಿನ್ ಪ್ರೋಟೀನ್‌ಗಳನ್ನು ಹಿಡಿದು ಗಟ್ಟಿಗೊಳಿಸುತ್ತದೆ; ಆ ಸಾವಿಗೂ ಆಯ್ದು ಕೊಲ್ಲುವ ಔಷಧಕ್ಕೂ ಸಂಬಂಧವಿಲ್ಲ. ಪಾಲಿವಿನೈಲ್ ಪಾಲಿಪಿರೋಲಿಡೋನ್‌ನಿಂದ ಟ್ಯಾನಿನ್ ತೆಗೆದ ಸಾರವನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು.

ಧನಾತ್ಮಕ ಕಂಟ್ರೋಲ್ (ಕೊಲ್ಲುತ್ತದೆಂದು ಮೊದಲೇ ತಿಳಿದಿರುವ ವಸ್ತು) ಆಗಿ ಬಳಸುವ ಪೊಟ್ಯಾಸಿಯಂ ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ. ಅದನ್ನು ಸಿಂಕಿಗೆ ಸುರಿಯುವಂತಿಲ್ಲ, ಪ್ರತ್ಯೇಕ ಬಾಟಲಿಯಲ್ಲಿ ಕೂಡಿಡಬೇಕು.

ಲಕ್ಷಣ: ಎಂಟಿಟಿ ಪರೀಕ್ಷೆಯಲ್ಲಿ ಬದುಕಿದ ಕೋಶಗಳು ಶೇ. 100ನ್ನು ಮೀರುತ್ತವೆ

ಹಳದಿ ಎಂಟಿಟಿಯನ್ನು ಬದುಕಿರುವ ಕೋಶದ ಕಿಣ್ವಗಳು ನೇರಳೆ ಫಾರ್ಮಜಾನ್ ಆಗಿ ಬದಲಿಸುತ್ತವೆ ಎಂಬುದು 1983ರಿಂದ ನಡೆದುಬಂದ ಈ ವಿಧಾನದ ತಳಹದಿ. ಆದರೆ ಉತ್ಕರ್ಷಣವನ್ನು ತಡೆಯುವ ಗುಣ ಎಂದರೇ ಎಲೆಕ್ಟ್ರಾನ್ ಕೊಡುವ ಗುಣ, ಮತ್ತು ಫೀನಾಲ್ ಸಮೃದ್ಧ ಬೇರು ಕೋಶದ ನೆರವಿಲ್ಲದೆಯೇ ಎಂಟಿಟಿಯನ್ನು ನೇರಳೆ ಮಾಡಿಬಿಡುತ್ತದೆ. ಡಿಪಿಪಿಎಚ್‌ನಲ್ಲಿ ಗೆದ್ದ ಸಾರವೇ ಎಂಟಿಟಿಯಲ್ಲಿ ಸತ್ತ ಕೋಶಗಳನ್ನು ಬದುಕಿಸಿ ತೋರಿಸುವುದು ಹೀಗೆ.

ಪರೀಕ್ಷೆಯ ತಟ್ಟೆಯಲ್ಲಿ ಕೋಶಗಳೇ ಇಲ್ಲದ ಮೂರು ಕುಳಿಗಳಲ್ಲಿ ಮಾಧ್ಯಮ (ಕೋಶ ಬೆಳೆಸುವ ಪೋಷಕ ದ್ರವ), ಸಾರ ಮತ್ತು ಎಂಟಿಟಿ ಮಾತ್ರ ಹಾಕಿ ನಾಲ್ಕು ಗಂಟೆ ಇಡಿ. ನೇರಳೆಯಾದರೆ ಉತ್ತರ ಸಿಕ್ಕಿತು. ಎಂಟಿಟಿ ಹಾಕುವ ಮೊದಲು ಸಾರವನ್ನು ತೆಗೆದು ಬಫರ್‌ನಿಂದ ಮೆಲ್ಲಗೆ ತೊಳೆಯುವುದು ಮೊದಲ ಪರಿಹಾರ. ಅದೂ ಸಾಲದಿದ್ದರೆ ಪ್ರೋಟೀನ್ ಪ್ರಮಾಣವನ್ನು ಅಳೆಯುವ ಸಲ್ಫೋರೋಡಮೀನ್ ಬಿ ವಿಧಾನ ಅಥವಾ ಸತ್ತ ಕೋಶಗಳಿಗೆ ಮಾತ್ರ ಬಣ್ಣ ಹಿಡಿಸುವ ಟ್ರಿಪಾನ್ ಬ್ಲೂ ಎಣಿಕೆಗೆ ಹೋಗಬೇಕು. ತಟ್ಟೆಯ ಅಂಚಿನ ಕುಳಿಗಳಷ್ಟೇ ಬೇರೆ ಅಂಕಿ ಕೊಡುತ್ತಿದ್ದರೆ ಅದು ಆವಿಯಾಗುವಿಕೆಯಿಂದ. ಆ ಕುಳಿಗಳಿಗೆ ಬರೀ ಬಫರ್ ತುಂಬಿ ಲೆಕ್ಕದಿಂದ ಬಿಡಿ.

ಲಕ್ಷಣ: ಅತಿ ಕಡಿಮೆ ಪ್ರಮಾಣದಲ್ಲೂ ಕೋಶಗಳೆಲ್ಲ ಸಾಯುತ್ತವೆ

ಡಿಎಂಎಸ್‌ಒ ಶೇ. 0.5 ದಾಟಿದೆಯೇ ಎಂದು ಲೆಕ್ಕ ಹಾಕಿ, ಅಷ್ಟೇ ಡಿಎಂಎಸ್‌ಒ ಇರುವ ಕಂಟ್ರೋಲ್ ಇಡಿ. ಮಾಧ್ಯಮ ಮಬ್ಬಾಗಿ ಹಳದಿಗೆ ತಿರುಗಿದ್ದರೆ ಸೋಂಕು. ಬೇರು ಮಣ್ಣಿನ ಬ್ಯಾಸಿಲಸ್ ಬೀಜಕಗಳನ್ನು ಹೊತ್ತು ತರುವುದರಿಂದ ಸಾರವನ್ನು 0.22 ಮೈಕ್ರಾನ್ ಸೋಸುಕದಲ್ಲಿ ಸೋಸದೆ ಕೋಶಗಳ ಹತ್ತಿರ ಒಯ್ಯಬಾರದು.

ಇವು ಯಾವುವೂ ಅಲ್ಲದಿದ್ದರೆ ಸೂಕ್ಷ್ಮವಾದ ಕಾರಣವೊಂದಿದೆ. ಗ್ಯಾಲಿಕ್ ಆಮ್ಲದಂಥ ಫೀನಾಲ್‌ಗಳು ಕೋಶದ ಮಾಧ್ಯಮದಲ್ಲಿ ಆಮ್ಲಜನಕದೊಡನೆ ತಾವಾಗಿ ವರ್ತಿಸಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ, ಕೊಲ್ಲುವುದು ಆ ಪೆರಾಕ್ಸೈಡ್. ಕೆಲವು ಕುಳಿಗಳಿಗೆ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಸೇರಿಸಿ ನೋಡಿ. ಆಗ ಕೋಶಗಳು ಬದುಕಿದರೆ ನೀವು ಅಳೆದದ್ದು ತಟ್ಟೆಯೊಳಗೆ ನಡೆದ ರಸಾಯನ, ಗಿಡದ ಔಷಧಗುಣ ಅಲ್ಲ. ಕ್ಯಾಟಲೇಸ್ ಇದ್ದೂ ಸಾಯುತ್ತಿದ್ದರೆ ಕ್ಯಾನ್ಸರ್ ಮೂಲದ ಕೋಶದ ಪಕ್ಕದಲ್ಲಿ ಸಾಮಾನ್ಯ ಕೋಶದ ತಳಿಯನ್ನೂ ಇಟ್ಟು ಹೋಲಿಸಬೇಕು. ಎರಡನ್ನೂ ಸಮನಾಗಿ ಕೊಲ್ಲುವ ಸಾರ ಬರೀ ವಿಷ. ಚಿತ್ರಮೂಲದಲ್ಲಿ ಈ ಹೋಲಿಕೆಯನ್ನು ಬಿಡಲೇಬಾರದು.

ಉತ್ಕರ್ಷಣ ತಡೆಯುವ ಶಕ್ತಿ ಹೆಚ್ಚಿದ್ದು ಕೋಶನಾಶಕ ಗುಣ ಇಲ್ಲದಿರುವುದು, ಅಥವಾ ತಿರುಗುಮುರುಗಾಗಿರುವುದು ದೋಷವೇ ಅಲ್ಲ. ಅವು ಎರಡು ಬೇರೆ ಗುಣಗಳು. ಒಂದಕ್ಕೊಂದು ಹೊಂದಲಿ ಎಂದು ಅಂಕಿಗಳನ್ನು ತಿದ್ದಲು ಹೊರಡಬಾರದು.

ಎಲ್ಲಿ ನಿಲ್ಲಿಸಬೇಕು

ಸ್ಟಾಂಡರ್ಡ್ ಮತ್ತು ಬ್ಲ್ಯಾಂಕ್‌ಗಳು ಸರಿಬರದಿದ್ದಾಗ ಸಾರವನ್ನು ಖರ್ಚು ಮಾಡುತ್ತಾ ಹೋಗಬೇಡಿ. ಕೋಶಗಳು ಸೋಂಕು ಕಾಣದೆಯೂ ಸೊರಗಿ ನಿಧಾನವಾಗಿ ಬೆಳೆಯುತ್ತಿದ್ದರೆ ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಇರಬಹುದು; ಪರೀಕ್ಷೆ ಮಾಡಿಸಿ, ಇದೆಯೆಂದಾದರೆ ಆ ತಳಿಯನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿ ಬಿಸಾಡಿ, ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಂಥ ನಂಬಿಕೆಯ ಭಂಡಾರದಿಂದ ಹೊಸದನ್ನು ತರಿಸಿಕೊಳ್ಳಿ. ಜೈವಿಕ ಸುರಕ್ಷತಾ ಕ್ಯಾಬಿನೆಟ್ ಇಲ್ಲದ ಕಡೆ ಮಾನವ ಕೋಶಗಳ ಕೆಲಸವನ್ನು ಆರಂಭಿಸಲೇಬಾರದು, ಆ ಭಾಗವನ್ನು ಸೌಲಭ್ಯವಿರುವ ಸಂಸ್ಥೆಯ ಜೊತೆ ಸೇರಿ ಮಾಡಬೇಕು.

ಬೇರು ತೀರಿತೆಂದು ಮತ್ತೆ ಕಾಡಿಗೆ ಹೋಗುವ ಮುನ್ನ ಇದನ್ನು ಯೋಚಿಸಿ: ಎಲೆ ಕೊಯ್ದರೆ ಗಿಡ ಚಿಗುರುತ್ತದೆ, ಬೇರು ಅಗೆದರೆ ಬಹುಪಾಲು ಗಿಡಗಳು ಸಾಯುತ್ತವೆ. ಸರ್ಪಗಂಧ ಈಗಾಗಲೇ ಅಳಿವಿನ ಅಂಚಿನಲ್ಲಿದೆ. ಅರಣ್ಯದಿಂದ ತರುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳೂ ಅನ್ವಯಿಸುತ್ತವೆ. ಬೆಳೆಸಿದ ಗಿಡದ ಬೇರು ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ, ಮೊದಲ ಸುತ್ತಿನ ತಪಾಸಣೆಗಳನ್ನೆಲ್ಲ ಆಸ್ಕಾರ್ಬಿಕ್ ಆಮ್ಲದ ಮೇಲೆ ಮುಗಿಸಿಕೊಳ್ಳಿ, ಬೇರಿನ ಸಾರವನ್ನು ಆಮೇಲೆ ತೆರೆಯಿರಿ.